ಕುಂಚದ ಕೈಗೆ ಮೌಸು ಬಂದಾಗ

ಹುಬ್ಬಳ್ಳಿಯ ದುರ್ಗದಬೈಲಿನಿಂದ ದಾಜಿಬಾನ ಪೇಟೆಯತ್ತ ತಲೆಯೆತ್ತಿ ನಡೆದರೆ, ಮಿನುಗುವ ಅಕ್ರಿಲಿಕ್ ಅಕ್ಷರಗಳ ನಡುವೆ ಅಲ್ಲೊಂದು ಇಲ್ಲೊಂದು ಹಳೆಯ ತಗಡಿನ ಬೋರ್ಡು ಕಣ್ಣಿಗೆ ಬೀಳುತ್ತದೆ. ನೀಲಿ ನೆಲ, ಹಳದಿ ಅಕ್ಷರ, ಅಕ್ಷರದ ಬಲಮಗ್ಗುಲಿಗೆ ಕೆಂಪು ನೆರಳು. ಕೆಳಗಿನ ಮೂಲೆಯಲ್ಲಿ ಸಣ್ಣಗೆ ಬರೆದವರ ಸಹಿ. ಬಿಸಿಲಿಗೆ ಬಣ್ಣ ಬಿರಿದಿದೆ. ಅಕ್ಷರದ ಬೆನ್ನು ಮಾತ್ರ ಬಾಗಿಲ್ಲ.

ಆ ಕೆಲಸಕ್ಕೊಂದು ಕ್ರಮವಿತ್ತು. ತಗಡನ್ನು ಉಜ್ಜಿ, ಎರಡು ಕೈ ಬಣ್ಣ ಬಳಿದು ಒಣಗಿಸಬೇಕು. ಸುಣ್ಣದ ಪುಡಿ ಸವರಿದ ದಾರವನ್ನು ಇಬ್ಬರು ಬಿಗಿಯಾಗಿ ಹಿಡಿದು ಚಿಮ್ಮಿಸಿದರೆ ನೆಟ್ಟನೆಯ ಗೆರೆ ಮೂಡುತ್ತದೆ. ಅದರ ಮೇಲೆ ಸೀಮೆಸುಣ್ಣದಲ್ಲಿ ಅಕ್ಷರದ ಅಂದಾಜು. ಆಮೇಲೆ ಎನಾಮೆಲ್ ಡಬ್ಬಿ, ಚಪ್ಪಟೆ ಕುಂಚ, ಕೈ ನಡುಗದಂತೆ ಆಸರೆಗೆ ತುದಿಗೆ ಅರಿವೆ ಸುತ್ತಿದ ಕೋಲು. ಸಿನಿಮಾ ಬ್ಯಾನರಾದರೆ ಫೋಟೊದ ಮೇಲೆ ಸಣ್ಣ ಚೌಕಗಳನ್ನು ಎಳೆದು, ಬಟ್ಟೆಯ ಮೇಲೆ ಅಷ್ಟೇ ಸಂಖ್ಯೆಯ ದೊಡ್ಡ ಚೌಕಗಳನ್ನು ಹಾಕಿ, ಒಂದೊಂದನ್ನೇ ತುಂಬುತ್ತ ಹೋಗುವರು. ಹತ್ತಿರ ನಿಂತವರಿಗೆ ಬರೀ ಬಣ್ಣದ ಗೀಚು. ರಸ್ತೆಯ ಆಚೆ ಬದಿಗೆ ಹೋಗಿ ತಿರುಗಿ ನೋಡಿದರೆ ರಾಜ್‌ಕುಮಾರ್ ನಗುತ್ತಿರುವರು. ಕಂಪನಿ ನಾಟಕಗಳ ಅರಮನೆ ಪರದೆ, ಕಾಡಿನ ಪರದೆ, ರಸ್ತೆ ಪರದೆಗಳನ್ನು ಬರೆದವರದೂ ಇದೇ ಕಣ್ಣಳತೆ.

ಈ ಶತಮಾನದ ಮೊದಲ ವರ್ಷಗಳಲ್ಲಿ ಫ್ಲೆಕ್ಸ್ ಯಂತ್ರ ಬಂತು. ದಿನಗಟ್ಟಲೆ ಹಿಡಿಯುತ್ತಿದ್ದ ಬ್ಯಾನರು ಗಂಟೆಯೊಳಗೆ ಸುರುಳಿ ಸುತ್ತಿಕೊಂಡು ಹೊರಬಿತ್ತು. ಏಣಿ ಏರಿ ನಿಲ್ಲುತ್ತಿದ್ದ ಪೇಂಟರುಗಳಲ್ಲಿ ಕೆಲವರು ಮನೆಗೋಡೆಗೆ ಬಣ್ಣ ಬಳಿಯಲು ಹೋದರು. ಕೆಲವರು ಲಾರಿ, ಟ್ರ್ಯಾಕ್ಟರ್ ಟ್ರೇಲರುಗಳಿಗೆ ಹೆಸರು ಬರೆಯುತ್ತ ಉಳಿದರು. ಇನ್ನು ಕೆಲವರು ಧೈರ್ಯ ಮಾಡಿ ಕೋರೆಲ್‌ಡ್ರಾ ತೆರೆದ ಕಂಪ್ಯೂಟರಿನ ಮುಂದೆ ಕುಳಿತರು. 2016ರಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಫ್ಲೆಕ್ಸ್ ನಿಷೇಧಿಸಿದಾಗಲೂ ಬೇರೆ ವಸ್ತುವಿನ ಮೇಲೆ ಮುದ್ರಿಸುವ ಮಾತು ಬಂತೇ ಹೊರತು ಅಕ್ಷರ ಮತ್ತೆ ಕುಂಚಕ್ಕೆ ಮರಳಲಿಲ್ಲ. ನಮ್ಮ ಹುಬ್ಬಳ್ಳಿ–ಧಾರವಾಡ ಅವಳಿನಗರದಲ್ಲಿ ಡಿಜಿಟಲ್ ಕಲೆಯನ್ನು ಬೀದಿಗೆ ತಂದವರ ಸಾಲಿನಲ್ಲಿ ಮೊದಲು ನಿಲ್ಲಬೇಕಾದವರು ಹೀಗೆ ಕುಳಿತ ಪೇಂಟರುಗಳು.

ಫ್ಲೆಕ್ಸ್ ಅಂಗಡಿಯ ಆ ಇಕ್ಕಟ್ಟಾದ ಕೋಣೆಯನ್ನು ಇಣುಕಿ ನೋಡಿ. ಯಂತ್ರದ ತಲೆ ಅತ್ತಿತ್ತ ಓಡಾಡುವ ಸದ್ದು, ಶಾಯಿಯ ಘಾಟು, ಬೆನ್ನ ಹಿಂದೆ ನಿಂತ ಗಿರಾಕಿಯ ಅವಸರ: “ಸಾಹೇಬ್ರ ಫೋಟೊ ಇನ್ನಷ್ಟ ದೊಡ್ಡದ ಮಾಡ್ರಿ.” ತೆರೆಯ ಮೇಲೆ ‘ಹುಬ್ಬಳ್ಳಿ–ಧಾರವಾಡ’ ಎಂದು ಮೂಡಿದೆ. ಹುಬ್ಬಳ್ಳಿಗೆ ಎರಡು ಒತ್ತಕ್ಷರ, ಎರಡೂ ಗೆರೆಯ ಕೆಳಗೆ ಇಳಿಬೀಳುತ್ತವೆ. ಧಾರವಾಡಕ್ಕೆ ಒಂದೂ ಇಲ್ಲ, ಅದು ಗೆರೆಯ ಮೇಲೇ ಕುಳಿತಿದೆ. ಫಾಂಟು ಕೊಟ್ಟದ್ದನ್ನು ಹಾಗೇ ಬಿಟ್ಟರೆ ಒಂದು ಊರು ಜೋತುಬಿದ್ದಂತೆ, ಇನ್ನೊಂದು ತೇಲಿದಂತೆ. ಬೋರ್ಡು ಬರೆದು ಪಳಗಿದವರು ಹಾಗೆ ಬಿಡುವುದಿಲ್ಲ. ಅಕ್ಷರವನ್ನು ಗೆರೆಗಳಾಗಿ ಒಡೆದು, ಬಾಗಿನ ಬಿಂದುಗಳನ್ನು ಮೌಸಿನಿಂದ ಹಿಡಿದು, ಬಕಾರದ ಒತ್ತನ್ನು ತುಸು ಒಳಗೆ ಸರಿಸುತ್ತಾರೆ, ಳಕಾರದ ಒತ್ತನ್ನು ಮೇಲೆತ್ತಿ ಕೂಡಿಸುತ್ತಾರೆ. ತಗಡಿನ ಮೇಲೆ ಕುಂಚ ಮಾಡುತ್ತಿದ್ದದ್ದೂ ಇದನ್ನೇ.

ದೂರದ ಲೆಕ್ಕವೂ ಹಳೆಯದೇ. ಎತ್ತರದಲ್ಲಿ ಕಟ್ಟುವ ಬ್ಯಾನರಿಗೆ ಪುಸ್ತಕದಷ್ಟು ಒತ್ತಾದ ಚುಕ್ಕಿಗಳು ಬೇಡ. ನೋಡುವವರು ದೂರದಲ್ಲಿರುವುದರಿಂದ ಒರಟು ಚುಕ್ಕಿಗಳೂ ಕೂಡಿಕೊಂಡು ಮುಖವಾಗುತ್ತವೆ. ಸಿನಿಮಾ ಬ್ಯಾನರಿನ ದಪ್ಪ ಗೀಚುಗಳು ನಿಂತದ್ದು ಇದೇ ಸತ್ಯದ ಮೇಲೆ. ಬಣ್ಣದ ವಿಷಯದಲ್ಲಿ ಮಾತ್ರ ಹೊಸ ಪಾಠ. ತೆರೆ ಬೆಳಕಿನಿಂದ ಬಣ್ಣ ಕಟ್ಟುತ್ತದೆ, ಯಂತ್ರ ಶಾಯಿಯಿಂದ. ತೆರೆಯಲ್ಲಿ ಉರಿಯುವ ಹಸಿರು ಮುದ್ರಣದಲ್ಲಿ ಮಂಕಾಗುತ್ತದೆ. ಡಬ್ಬಿಯಲ್ಲಿ ಹಸಿಯಿದ್ದಾಗ ಒಂದು, ಒಣಗಿದ ಮೇಲೆ ಇನ್ನೊಂದು ಎಂಬುದನ್ನು ಕಂಡವರು ಇದನ್ನೂ ಬೇಗ ಕಲಿತರು.

ಕೈ ಕಲಿತದ್ದು ತೆರೆಗೆ ಒದಗುವುದು ಪೇಟೆಯ ಪೇಂಟರುಗಳಿಗಷ್ಟೇ ಅಲ್ಲ. ಧಾರವಾಡದಲ್ಲಿ ಡಿ.ವಿ. ಹಾಲಭಾವಿಯವರು 1935ರಲ್ಲಿ ಕಲಾಶಾಲೆ ತೆರೆದ ಕಾಲದಿಂದ ಪೆನ್ಸಿಲ್, ಇದ್ದಿಲು, ಜಲವರ್ಣಗಳ ಅಭ್ಯಾಸ ಈ ಮಣ್ಣಿಗೆ ಒಗ್ಗಿದೆ. ಇಂದಿನ ಹುಡುಗ ಹುಡುಗಿಯರ ಚೀಲದಲ್ಲಿ ಸ್ಕೆಚ್ ಪುಸ್ತಕದ ಜೊತೆಗೆ ಟ್ಯಾಬ್ಲೆಟ್ಟೂ ಇರುತ್ತದೆ. ಜಲವರ್ಣದಲ್ಲಿ ಬೆಳಕೆಂದರೆ ಬಣ್ಣ ತಾಗದೆ ಉಳಿದ ಕಾಗದ. ಅದನ್ನು ಮೊದಲೇ ಯೋಚಿಸಿ ಕಾಯ್ದಿಡಬೇಕು. ಟ್ಯಾಬ್ಲೆಟ್ಟಿನಲ್ಲಿ ಬಿಳಿಯನ್ನು ಯಾವಾಗ ಬೇಕಾದರೂ ಮೇಲೆ ಇಡಬಹುದು, ತಪ್ಪನ್ನು ಒಂದೇ ಒತ್ತಿಗೆ ಅಳಿಸಬಹುದು. ಆದರೂ ಕೆಲಗೇರಿ ಕೆರೆಯ ದಂಡೆಯಲ್ಲಿ ಕುಳಿತು, ಸಂಜೆಯ ನೀರಿನ ಹೊಳಪನ್ನು ಕಾಗದದಲ್ಲಿ ಉಳಿಸಿಕೊಂಡು ಅಭ್ಯಾಸವಾದವರು ತೆರೆಯ ಮೇಲೂ ಬೆಳಕಿನ ಜಾಗವನ್ನು ಮೊದಲು ಗೊತ್ತುಮಾಡುತ್ತಾರೆ. ಅವರ ಚಿತ್ರ ಉಸಿರಾಡುತ್ತದೆ.

ಕೈ ಕಲಿತದ್ದು ಕೈಯೊಂದಿಗೇ ಮುಗಿಯಬಾರದು. ದೆಹಲಿಯ ಕಲಾವಿದ ಹನೀಫ್ ಕುರೇಶಿ ಅಲ್ಲಿನ ಬೀದಿ ಪೇಂಟರುಗಳ ಅಕ್ಷರಗಳನ್ನು ಅವರವರ ಹೆಸರಿನಲ್ಲೇ ಫಾಂಟುಗಳಾಗಿಸುವ ಕೆಲಸ ಕೈಗೊಂಡರು. ಹುಬ್ಬಳ್ಳಿಗೂ ಅದು ಬೇಕು. ನಾಮಫಲಕಗಳಲ್ಲಿ ಶೇ 60ರಷ್ಟು ಕನ್ನಡ ಇರಬೇಕೆಂದು 2024ರಲ್ಲಿ ಕಾನೂನು ಬಂದಿದೆ. ಹೊಸ ಬೋರ್ಡುಗಳೆಲ್ಲ ಅವೇ ನಾಲ್ಕಾರು ಫಾಂಟುಗಳಲ್ಲಿ ಏಕೆ ಮೂಡಬೇಕು? ಕಲಾಶಾಲೆಗಳ ವಿದ್ಯಾರ್ಥಿಗಳು ಪೇಟೆಗೆ ಇಳಿಯಲಿ. ಉಳಿದ ಬೋರ್ಡುಗಳ ಫೋಟೊ ತೆಗೆಯಲಿ. ಹಿರಿಯ ಪೇಂಟರುಗಳ ಮನೆಗೆ ಹೋಗಿ ಸ್ವರ, ವ್ಯಂಜನ, ಕಾಗುಣಿತ, ಒತ್ತು ಎಲ್ಲವನ್ನೂ ಅವರ ಕೈಯಿಂದಲೇ ಬರೆಸಿಕೊಳ್ಳಲಿ, ತಕ್ಕ ಸಂಭಾವನೆ ಕೊಡಲಿ, ಫಾಂಟಿಗೆ ಅವರ ಹೆಸರಿಡಲಿ. ಫ್ಲೆಕ್ಸಿನ ಮೂಲೆಯಲ್ಲೀಗ ಅಂಗಡಿಯ ಫೋನ್ ನಂಬರು ಕುಳಿತಿದೆ. ಅಲ್ಲಿಂದ ಅಳಿದ ಸಹಿಗೆ ಕಂಪ್ಯೂಟರಿನ ಫಾಂಟುಪಟ್ಟಿಯಲ್ಲಿ ಜಾಗ ಸಿಗಬೇಕು. ಬರೆಯಬಲ್ಲ ಕೈಗಳು ನಮ್ಮ ನಡುವೆ ಇರುವಾಗಲೇ ಈ ಕೆಲಸ ಆಗಬೇಕು.