ಸಮುದ್ರಜಲದ ಜಾಡು ಹಿಡಿದ ವಿದುಷಿ

ಒಂದು ಕೊಡ ಸಮುದ್ರದ ನೀರು ಯಾವ ಕಡೆಯಿಂದ ಹರಿದುಬಂದಿತೆಂಬುದನ್ನು ಕಣ್ಣು ಕಾಣಲಾರದು, ರಸಾಯನಶಾಸ್ತ್ರವು ತಿಳಿಸಬಲ್ಲದು. ನೀರಿನಲ್ಲಿ ಕರಗಿ ಅದರೊಡನೆಯೇ ಸಂಚರಿಸುವ ಪದಾರ್ಥವೊಂದನ್ನು ಅಲ್ಲಲ್ಲಿ ಅಳೆಯುತ್ತ ಹೋದರೆ, ಪ್ರವಾಹದ ಮಾರ್ಗವೂ ವೇಗವೂ ಗೋಚರವಾಗುವುವು.

ಈ ವಿದ್ಯೆಯಲ್ಲಿ ಕೀರ್ತಿವಂತರಾದವರು ಜಪಾನ್ ದೇಶದ ಕತ್ಸುಕೋ ಸರುಹಾಶಿ (1920–2007) ಎಂಬ ಮಹಿಳೆ. 1954ರ ಮಾರ್ಚ್ 1ರಂದು ಅಮೇರಿಕದವರು ಶಾಂತಸಾಗರದ ಬಿಕಿನಿಯಲ್ಲಿ ಜಲಜನಕ ಬಾಂಬನ್ನು ಪರೀಕ್ಷಿಸಲು, ಅದರ ವಿಷಭಸ್ಮವು ಜಪಾನಿನ ಮೀನುಗಾರರ ಹಡಗೊಂದರಲ್ಲಿದ್ದ 23 ಮಂದಿಯ ಮೇಲೆ ಸುರಿಯಿತು. ಕಡಲಿಗೆ ಬಿದ್ದ ವಿಷವು ಎಲ್ಲಿಗೆ ಹೋಗುವುದು? ಇದನ್ನು ಶೋಧಿಸುವ ಕಾರ್ಯದಲ್ಲಿ ಇವರು ತೊಡಗಿದರು. ಸೀಸಿಯಮ್ 137 ಎಂಬ ವಿಕಿರಣ ದ್ರವ್ಯವು ನೀರಿನಲ್ಲಿ ಕರಗಿಯೇ ಇರುವುದು. ಅದರಲ್ಲಿ ಅರ್ಧವು ಕ್ಷಯಿಸಲು ಸುಮಾರು 30 ವರ್ಷಗಳು ಬೇಕು. ಆದಕಾರಣ ಅದೇ ಜಾಡಾಯಿತು. ವಿಷವು ಎಲ್ಲೆಡೆಯೂ ಸಮನಾಗಿ ಹರಡದೆ, ಪ್ರವಾಹಗಳ ಸಂಗಡ ಸಾಗಿ ಜಪಾನಿನ ಕಡೆಯ ನೀರಿನಲ್ಲಿ ಹೆಚ್ಚಾಗಿರುವುದೆಂದು ಕಂಡುಬಂದಿತು.

ಅಮೇರಿಕದ ಕೆಲವು ಪಂಡಿತರು ಈ ಅಳತೆಗಳನ್ನು ಸಂಶಯಿಸಿದರು. 1962ರಲ್ಲಿ ಸರುಹಾಶಿಯವರು ಕ್ಯಾಲಿಫೋರ್ನಿಯದ ಸ್ಕ್ರಿಪ್ಸ್ ಸಂಸ್ಥೆಗೆ ತೆರಳಿ, ಎರಡೂ ದೇಶಗಳ ಕ್ರಮಗಳನ್ನು ಹೋಲಿಸಿ ತಮ್ಮ ಅಳತೆಯು ನಿಷ್ಕೃಷ್ಟವೆಂದು ತೋರಿಸಿದರು. ಮರುವರ್ಷ, ಗಾಳಿಯಲ್ಲಿಯೂ ಸಮುದ್ರದಲ್ಲಿಯೂ ಇಂಥ ಪರೀಕ್ಷೆಗಳನ್ನು ನಿಷೇಧಿಸುವ ಒಡಂಬಡಿಕೆಗೆ ಅಮೇರಿಕ, ಬ್ರಿಟನ್, ರಷ್ಯಾಗಳು ಸಹಿಮಾಡಿದವು.

ಟೋಕಿಯೋ ವಿಶ್ವವಿದ್ಯಾನಿಲಯದಿಂದ ರಸಾಯನಶಾಸ್ತ್ರದಲ್ಲಿ ಡಾಕ್ಟರ್ ಪದವಿಯನ್ನು ಪಡೆದ (1957) ಮೊದಲನೆಯ ಮಹಿಳೆ ಇವರೇ. ಇವರ ಹೆಸರಿನಲ್ಲಿ 1981ರಿಂದ ಮಹಿಳಾ ವಿಜ್ಞಾನಿಗಳಿಗೆ ಬಹುಮಾನವನ್ನು ಕೊಡುತ್ತ ಬಂದಿರುವರು. ಹೆಣ್ಣುಮಕ್ಕಳಿಗೆ ತ್ರಾಸನ್ನೂ ಪರೀಕ್ಷಾನಳಿಕೆಯನ್ನೂ ಒಪ್ಪಿಸಿದ ತಂದೆತಾಯಿಗಳ ಶ್ರಮವು ಲೋಕಕ್ಕೆ ಎಂಥ ಫಲವನ್ನು ಕೊಡಬಲ್ಲುದೆಂಬುದಕ್ಕೆ ಈ ಚರಿತ್ರೆಯೇ ಸಾಕ್ಷಿ.