ಮುಳಬಾಗಿಲಿನ ದಿಬ್ಬದ ಮೇಲೆ ಒಂದು ಸುಳ್ಳು ಕೂಗು

1768ರ ಅಕ್ಟೋಬರ್. ಮುಳಬಾಗಿಲಿನ ಬಂಡೆಗಳ ನಡುವೆ ಕಂಪನಿಯ ಕರ್ನಲ್ ವುಡ್ ತನ್ನ ಸಣ್ಣ ತುಕಡಿಯ ಜೊತೆ ಹೈದರಾಲಿಯ ದೊಡ್ಡ ಸೈನ್ಯಕ್ಕೆ ಸಿಕ್ಕಿಬಿದ್ದಿದ್ದ. ಇನ್ನೇನು ಕಥೆ ಮುಗೀತು ಅನ್ನೋ ಹೊತ್ತಿಗೆ ಕಂಪನಿಯ ಒಬ್ಬ ಅಧಿಕಾರಿ ಎರಡು ಫಿರಂಗಿಗಳನ್ನು ಪಕ್ಕದ ದಿಬ್ಬಕ್ಕೆ ಎಳೆಸಿ, ಗುಂಡು ಹಾರಿಸುತ್ತಾ ‘ಸ್ಮಿತ್! ಸ್ಮಿತ್!’ ಎಂದು ಕೂಗಿದ. ಕರ್ನಲ್ ಸ್ಮಿತ್ ದಂಡು ಕಟ್ಟಿಕೊಂಡು ಬಂದೇಬಿಟ್ಟ ಅಂತ ಎರಡೂ ಕಡೆಯವರು ನಂಬಿದರು. ಹೈದರನ ಪಡೆ ಹಿಂದೆ ಸರಿಯಿತು. ಅಸಲಿಗೆ ಸ್ಮಿತ್ ಅಲ್ಲಿರಲೇ ಇಲ್ಲ! ತಪ್ಪು ಗೊತ್ತಾಗಿ ಹೈದರ್ ಮತ್ತೆ ಮೇಲೆ ಬೀಳುವಷ್ಟರಲ್ಲಿ ವುಡ್ ತನ್ನವರನ್ನು ಸೇರಿಕೊಂಡಿದ್ದ. ಕೊನೆಗೆ ಹೈದರನೇ ಹಿಮ್ಮೆಟ್ಟಬೇಕಾಯಿತು.

ಐತಿಹಾಸಿಕ ಕಥೆ ಬರೆಯೋ ಆಸೆ ಇರುವವರಿಗೆ ಇದು ಮನೆ ಬಾಗಿಲಲ್ಲೇ ಸಿಗುವ ಪಾಠ. ಯಾರು ಗೆದ್ದರು, ಯಾರು ಸೋತರು ಅನ್ನೋದು ಮೊಬೈಲಿನಲ್ಲೇ ಸಿಗುತ್ತೆ. ಹಾಗಾದ್ರೆ ಕುತೂಹಲ ಎಲ್ಲಿಂದ ಬರಬೇಕು? ಪಾತ್ರ ನಂಬಿದ್ದಕ್ಕೂ ನಿಜವಾಗಿ ನಡೆದದ್ದಕ್ಕೂ ಇರುವ ಅಂತರದಿಂದ.

ಹೈದರನ ಸೈನ್ಯದಲ್ಲಿ ಈಗಿನ ಶ್ರೀನಿವಾಸಪುರದ ಕಡೆಯ ಹುಡುಗನೊಬ್ಬ ಇದ್ದ ಅಂದ್ಕೊಳ್ಳಿ. ಕೂಗು ಕೇಳಿದ್ದೇ ತಡ, ಗಾಯಗೊಂಡ ಅಣ್ಣನನ್ನು ಬಂಡೆ ಹಿಂದೆ ಬಿಟ್ಟು ಓಡಿದ. ಕೂಗು ಸುಳ್ಳು ಅಂತ ಓದುಗರಿಗೆ ಆಮೇಲೆ ತಿಳಿಸಿದರೆ ಒಂದು ಕ್ಷಣದ ಅಚ್ಚರಿ, ಅಷ್ಟೇ. ಮೊದಲೇ ತಿಳಿಸಿ ನೋಡಿ, ಅವನಿಡುವ ಒಂದೊಂದು ಹೆಜ್ಜೆಗೂ ‘ನಿಲ್ಲೋ ಮಾರಾಯ’ ಅನ್ನಿಸುತ್ತೆ.

ಎರಡು ಎಚ್ಚರ ಬೇಕು. ಒಂದು, ಪಾತ್ರ ಪೆದ್ದನಾಗಬಾರದು. ಫಿರಂಗಿ ಸದ್ದು, ಹೊಗೆ, ಗಾಬರಿ ನಡುವೆ ಆ ಹೆಸರು ಕೇಳಿದ್ದರೆ ನಾವೂ ನಂಬುತ್ತಿದ್ದೆವು. ನಂಬೋಕೆ ಅಂಥ ಕಾರಣ ಇರಬೇಕು. ಎರಡು, ನಂಬಿದ್ದಕ್ಕೆ ಬೆಲೆ ತೆರಬೇಕು. ಹುಡುಗ ಸುಮ್ಮನೆ ಓಡಿ, ಸುಮ್ಮನೆ ವಾಪಸ್ ಬಂದರೆ ಅದು ಬರೀ ಗೊಂದಲ. ಬಿಟ್ಟುಹೋದ ಅಣ್ಣನ ಮುಖ ನೋಡಬೇಕಾಗಿ ಬಂದರೆ ಅದು ಕಥೆ.

ಇದರ ದೊಡ್ಡ ರೂಪ ನೋಡಬೇಕಾದರೆ ಮಾಲೂರು ತಾಲ್ಲೂಕಿನ ಮಾಸ್ತಿಯ ಹೆಸರನ್ನೇ ಹೊತ್ತ ಮಾಸ್ತಿ ವೆಂಕಟೇಶ ಅಯ್ಯಂಗಾರರ ‘ಚಿಕವೀರ ರಾಜೇಂದ್ರ’ ಓದಿ. ಅದಕ್ಕೆ 1983ರ ಜ್ಞಾನಪೀಠ ಬಂತು. 1834ರಲ್ಲಿ ಕೊಡಗು ಕಂಪನಿಯ ಪಾಲಾಗುತ್ತೆ ಅಂತ ನಮಗೆ ಗೊತ್ತು, ರಾಜನಿಗೆ ಗೊತ್ತಿಲ್ಲ. ಅವನ ಒಂದೊಂದು ನಿರ್ಧಾರಕ್ಕೂ ಆ ಇಸವಿಯ ನೆರಳು ಬೀಳುತ್ತೆ.

ಮುಂದಿನ ಸಲ ತಿರುಪತಿಗೆ ಹೋಗ್ತಾ ಮುಳಬಾಗಿಲಿನಲ್ಲಿ ದೋಸೆಗೆ ಗಾಡಿ ನಿಲ್ಲಿಸಿದಾಗ ಆ ಬಂಡೆಗಳ ಕಡೆ ಒಮ್ಮೆ ನೋಡಿ. ಹುಡುಗ ವಾಪಸ್ ಬಂದಾಗ ಅಣ್ಣ ಅಲ್ಲೇ ಇದ್ನಾ? ಅದನ್ನು ನೀವೇ ಬರೀರಿ.