ಸರೋವರಗಳ ರಾಣಿಯ ಮಡಿಲಲ್ಲಿ ದ್ವೀಪವಾಸ

ನ್ಯೂಯಾರ್ಕ್ ಎಂದೊಡನೆ ಕಣ್ಣಿಗೆ ಕಟ್ಟುವುದು ಗಗನಚುಂಬಿ ಕಟ್ಟಡಗಳ ಮಹಾನಗರ. ಅದೇ ಹೆಸರಿನ ರಾಜ್ಯದ ಉತ್ತರಭಾಗದಲ್ಲಿ, ಅಡಿರಾಂಡ್ಯಾಕ್ ಪರ್ವತಗಳ ಆಗ್ನೇಯ ಅಂಚಿಗೆ ಒರಗಿಕೊಂಡು, 51 ಕಿಲೋಮೀಟರ್ ಉದ್ದಕ್ಕೆ ಮೈಚಾಚಿದೆ ಲೇಕ್ ಜಾರ್ಜ್. ಅಮೆರಿಕದ ಸರೋವರಗಳ ರಾಣಿ ಎಂಬ ಬಿರುದು ಇದಕ್ಕೆ ಬಹುಕಾಲದಿಂದ ಅಂಟಿಕೊಂಡಿದೆ. ಕೆಲವೆಡೆ 60 ಮೀಟರ್ ಸಮೀಪದ ಆಳ. ಎರಡೂ ಬದಿಗೆ ನೀರಿನಿಂದಲೇ ಮೇಲೆದ್ದಂತಿರುವ ಹಸಿರು ಬೆಟ್ಟಗಳು. ನಡುವೆ 170ಕ್ಕೂ ಹೆಚ್ಚು ದ್ವೀಪಗಳು. ರಾಜಧಾನಿ ಆಲ್ಬನಿಯಿಂದ ಹೆದ್ದಾರಿ ಹಿಡಿದರೆ ಸುಮಾರು ಒಂದು ಗಂಟೆಯ ದಾರಿ ಅಷ್ಟೆ.

ಸರೋವರದ ದಕ್ಷಿಣ ತುದಿಯ ಊರಿಗೂ ಲೇಕ್ ಜಾರ್ಜ್ ಎಂದೇ ಹೆಸರು. ಬೇಸಿಗೆಯಲ್ಲಿ ಅದು ಅಕ್ಷರಶಃ ಜಾತ್ರೆ. ಮೋಟೆಲ್‌ಗಳು, ಐಸ್‌ಕ್ರೀಮ್ ಅಂಗಡಿಗಳು, ಪ್ರವಾಸಿಗರನ್ನು ಹೊತ್ತ ಬೃಹತ್ ವಿಹಾರನೌಕೆಗಳು. ಇಷ್ಟೆಲ್ಲ ಗದ್ದಲವಿರುವ ನೀರಿನಲ್ಲೇ ಪುಟ್ಟ ಕನೂ ದೋಣಿಗೆ ಡೇರೆ, ಹಾಸಿಗೆ, ಅಡುಗೆ ಸಾಮಾನು ಏರಿಸಿ, ಹುಟ್ಟು ಹಾಕುತ್ತ ಹೋಗಿ ದ್ವೀಪವೊಂದರಲ್ಲಿ ರಾತ್ರಿ ಕಳೆಯಬಹುದೆಂಬುದೇ ಇಲ್ಲಿಯ ಸೋಜಿಗ. ನಲವತ್ತಕ್ಕೂ ಹೆಚ್ಚು ದ್ವೀಪಗಳಲ್ಲಿ ರಾಜ್ಯ ಸರ್ಕಾರ 387 ಶಿಬಿರತಾಣಗಳನ್ನು ನಿರ್ವಹಿಸುತ್ತಿದೆ. ದೋಣಿ ಕಟ್ಟಲೊಂದು ಕಟ್ಟೆ, ಬೆಂಕಿ ಹಾಕಲು ಒಲೆ, ಊಟಕ್ಕೊಂದು ಮೇಜು, ಸರಳ ಶೌಚಾಲಯ: ಸೌಕರ್ಯ ಇಷ್ಟೇ. ಕಸವನ್ನು ಮಾತ್ರ ಬಂದವರೇ ಮರಳಿ ಹೊತ್ತೊಯ್ಯಬೇಕು.

ಈ ಜಲರಾಶಿಯ ಇತಿಹಾಸವೂ ಅಷ್ಟೇ ರೋಚಕ. ಮೂಲನಿವಾಸಿಗಳ ದೋಣಿಗಳಿಗೆ ಇದು ಶತಮಾನಗಳ ಹೆದ್ದಾರಿಯಾಗಿತ್ತು. 1646ರಲ್ಲಿ ಫ್ರೆಂಚ್ ಪಾದ್ರಿ ಐಸಾಕ್ ಜೋಗ್ ಇದಕ್ಕೆ ಪವಿತ್ರ ಸಂಸ್ಕಾರದ ಸರೋವರವೆಂದು ಹೆಸರಿಟ್ಟರೆ, 1755ರಲ್ಲಿ ಬ್ರಿಟಿಷ್ ಸೇನಾನಿ ವಿಲಿಯಂ ಜಾನ್ಸನ್ ಅದನ್ನು ಅಳಿಸಿ ತನ್ನ ದೊರೆ ಎರಡನೇ ಜಾರ್ಜ್‌ನ ಹೆಸರನ್ನು ಪ್ರತಿಷ್ಠಾಪಿಸಿದ. 1758ರ ಜುಲೈನಲ್ಲಿ ಸುಮಾರು ಸಾವಿರ ದೋಣಿಗಳಲ್ಲಿ ಹದಿನೈದು ಸಾವಿರದಷ್ಟು ಬ್ರಿಟಿಷ್ ಪಡೆ ಇದೇ ನೀರಿನ ಮೇಲೆ ಉತ್ತರಕ್ಕೆ ಸಾಗಿ, ಟಿಕಾಂಡರೋಗಾದ ಫ್ರೆಂಚ್ ಕೋಟೆಯೆದುರು ಹೀನಾಯವಾಗಿ ಸೋತಿತು. ಆ ಶರತ್ಕಾಲದಲ್ಲಿ ಬ್ರಿಟಿಷರು ವೈರಿಯ ಕೈಗೆ ಸಿಗದಿರಲೆಂದು ತಮ್ಮ ನೌಕೆಗಳನ್ನು ತಾವೇ ಮುಳುಗಿಸಿಟ್ಟರು. ಅವುಗಳಲ್ಲೊಂದಾದ 'ಲ್ಯಾಂಡ್ ಟಾರ್ಟಾಯಿಸ್' ಎಂಬ ಏಳು ಬದಿಗಳ ವಿಚಿತ್ರ ಯುದ್ಧನೌಕೆ 1990ರಲ್ಲಿ, ಸುಮಾರು 33 ಮೀಟರ್ ಆಳದಲ್ಲಿ, ಬಹುತೇಕ ಇಡಿಯಾಗಿಯೇ ಪತ್ತೆಯಾಯಿತು. ತಣ್ಣನೆಯ ಸಿಹಿನೀರು ಮರವನ್ನು ಇನ್ನೂರು ವರ್ಷಕ್ಕೂ ಮೀರಿ ಕಾಪಾಡಿತ್ತು!

ಯುದ್ಧದ ನೆನಪು ಮಾಸುತ್ತಿದ್ದಂತೆ ವಿಹಾರದ ಯುಗ ಬಂದಿತು. 1791ರಲ್ಲಿ ಇಲ್ಲಿಗೆ ಬಂದ ಥಾಮಸ್ ಜೆಫರ್ಸನ್, ತಾನು ಕಂಡ ಜಲರಾಶಿಗಳಲ್ಲಿ ಇದೇ ಅತಿ ಸುಂದರವೆಂದು ಮಗಳಿಗೆ ಪತ್ರ ಬರೆದರು. ಕನೂಪ್ರಿಯರಿಗೆ ಮಾತ್ರ ಅದಕ್ಕಿಂತ ದೊಡ್ಡ ವರ್ಷ 1880. ಆ ಆಗಸ್ಟ್‌ನಲ್ಲಿ ಇದೇ ದಡದಲ್ಲಿ ಅಮೆರಿಕನ್ ಕನೂ ಅಸೋಸಿಯೇಷನ್ ಜನ್ಮತಳೆಯಿತು. ಅದರ ಹಿಂದಿನ ಚೇತನ ನಥಾನಿಯಲ್ ಬಿಷಪ್ ಸಾಮಾನ್ಯ ಆಸಾಮಿಯಲ್ಲ. 1874-75ರಲ್ಲಿ ಟ್ರಾಯ್ ನಗರದಿಂದ ಮೆಕ್ಸಿಕೋ ಕೊಲ್ಲಿಯವರೆಗೆ ಆತ ಹುಟ್ಟು ಹಾಕುತ್ತ ಸಾಗಿದ್ದು ಕಾಗದದ ದೋಣಿಯಲ್ಲಿ! ಮಕ್ಕಳು ಮಳೆನೀರಿಗೆ ಬಿಡುವ ದೋಣಿಯಲ್ಲ. ಕಾಗದವನ್ನು ಅಚ್ಚಿಗೆ ಒತ್ತಿ ಗಟ್ಟಿಗೊಳಿಸಿ, ನೀರು ಹೀರದಂತೆ ವಾರ್ನಿಷ್ ಬಳಿದು ಸಿದ್ಧಪಡಿಸಿದ ಹಗುರ ನೌಕೆ.

ಇಷ್ಟು ಜನನಿಬಿಡ ಪ್ರದೇಶದ ಪಕ್ಕದಲ್ಲಿದ್ದೂ ದ್ವೀಪಗಳು ಖಾಸಗಿ ಬಂಗಲೆಗಳ ಪಾಲಾಗಲಿಲ್ಲವೇಕೆ? ದಡದ ಬಹುಭಾಗ ಸಿರಿವಂತರ ಕೈಸೇರಿದ್ದು ನಿಜ. ಆದರೆ ನ್ಯೂಯಾರ್ಕ್ ರಾಜ್ಯ 1885ರಲ್ಲೇ ಅರಣ್ಯ ಮೀಸಲನ್ನು ಸ್ಥಾಪಿಸಿತು. 1894ರಲ್ಲಿ ಆ ಭೂಮಿ ಎಂದೆಂದಿಗೂ ಕಾಡಾಗಿಯೇ ಉಳಿಯಬೇಕೆಂಬ ವಿಧಿಯನ್ನು ಸಂವಿಧಾನಕ್ಕೇ ಸೇರಿಸಿತು. ದ್ವೀಪಗಳ ಬಹುಪಾಲು ಸರ್ಕಾರದ ಸ್ವತ್ತು. ಈ ಸರೋವರದ ನಿಜವಾದ ವೈಭವ ಅದರ ನೀಲಿ ಬಣ್ಣಕ್ಕಿಂತ ಹೆಚ್ಚಾಗಿ ಈ ಕಾನೂನಿನಲ್ಲಿದೆ ಎನ್ನಬೇಕು.

ಬೋಲ್ಟನ್ ಲ್ಯಾಂಡಿಂಗ್‌ನಿಂದ ಉತ್ತರಕ್ಕೆ, ಸರೋವರ ಕಿರಿದಾಗಿ ದ್ವೀಪಗಳು ಒತ್ತೊತ್ತಾಗಿ ನೆರೆಯುವ 'ನ್ಯಾರೋಸ್' ಯಾನದ ಅತ್ಯಂತ ರಮಣೀಯ ಭಾಗ. ಪೂರ್ವಕ್ಕೆ 800 ಮೀಟರ್ ಮೀರಿದ ಬ್ಲ್ಯಾಕ್ ಮೌಂಟನ್, ಪಶ್ಚಿಮಕ್ಕೆ ಟಂಗ್ ಮೌಂಟನ್ ಸಾಲು. ಸೌಂದರ್ಯ ಎಷ್ಟಿದೆಯೋ ಎಚ್ಚರವೂ ಅಷ್ಟೇ ಬೇಕು. ಬೆಟ್ಟಗಳ ನಡುವಣ ಉದ್ದನೆಯ ಕಣಿವೆಯಲ್ಲಿ ಗಾಳಿ ನುಗ್ಗಿದರೆ ಅಲೆಗಳು ನೋಡನೋಡುತ್ತಲೇ ಏಳುತ್ತವೆ. ಮೋಟಾರು ದೋಣಿಗಳು ಎಬ್ಬಿಸುವ ಅಲೆ ಬೇರೆ. ಬಲ್ಲವರು ಭಾರದ ಸಾಮಾನನ್ನು ದೋಣಿಯ ನಡುವೆ ತಳಕ್ಕಿರಿಸಿ, ಬೆಳಗ್ಗೆ ಬೇಗನೆ ಹೊರಟು, ದಡದ ಮಗ್ಗುಲಲ್ಲೇ ಸಾಗುತ್ತಾರೆ. ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಲೈಫ್ ಜಾಕೆಟ್ ಕಡ್ಡಾಯ. ದೊಡ್ಡವರೂ ತೊಡುವುದೇ ವಿವೇಕ.

ಜನಸಾಮೀಪ್ಯಕ್ಕೆ ತೆರಬೇಕಾದ ಬೆಲೆಯೂ ಇದೆ. ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪು, ಶೌಚಗುಂಡಿಗಳಿಂದ ಜಿನುಗುವ ಪೋಷಕಾಂಶ, ಬೇರೆಡೆಯಿಂದ ದೋಣಿಗಳಿಗಂಟಿ ಬರುವ ಕಳೆ, ಚಿಪ್ಪುಜೀವಿಗಳು ಈ ನಿರ್ಮಲ ನೀರನ್ನು ಕಾಡುತ್ತಿವೆ. 2020ರ ನವೆಂಬರ್‌ನಲ್ಲಿ ಇಲ್ಲಿ ಮೊದಲ ಬಾರಿಗೆ ಹಾನಿಕಾರಕ ಪಾಚಿಯ ಹರಡುವಿಕೆ ದೃಢಪಟ್ಟಿತು. ಐಬಿಎಂ ಸಂಸ್ಥೆ, ರೆನ್ಸೆಲಿಯರ್ ತಾಂತ್ರಿಕ ವಿದ್ಯಾಲಯ ಮತ್ತು ಸ್ಥಳೀಯ ಸಂರಕ್ಷಕರು 2013ರಲ್ಲಿ ಆರಂಭಿಸಿದ 'ಜೆಫರ್ಸನ್ ಪ್ರಾಜೆಕ್ಟ್' ಸಂವೇದಕಗಳ ಮೂಲಕ ನೀರಿನ ನಾಡಿ ಹಿಡಿದು ನೋಡುತ್ತಿದೆ. ಟ್ರೈಲರ್ ಮೇಲೆ ಬರುವ ದೋಣಿಗಳಿಗೆ 2014ರಿಂದ ತಪಾಸಣೆ ಕಡ್ಡಾಯವಾಗಿದೆ.

ಶಿಬಿರತಾಣಗಳನ್ನು ಒಂಬತ್ತು ತಿಂಗಳು ಮುಂಚಿತವಾಗಿ ಕಾಯ್ದಿರಿಸಬಹುದು. ಜುಲೈ, ಆಗಸ್ಟ್‌ನ ವಾರಾಂತ್ಯಗಳಿಗೆ ಭಾರೀ ಬೇಡಿಕೆ. ಸೆಪ್ಟೆಂಬರ್ ಮೊದಲ ಸೋಮವಾರದ ಕಾರ್ಮಿಕ ದಿನ ಕಳೆದ ಮೇಲೆ ದಟ್ಟಣೆ ಇಳಿಯುತ್ತದೆ, ಮೋಟಾರು ದೋಣಿಗಳ ಹಾವಳಿಯೂ ತಗ್ಗುತ್ತದೆ. ಹುಟ್ಟು ಹಿಡಿದು ಹೊರಡುವವರಿಗೆ ಅದೇ ಪ್ರಶಸ್ತ ಕಾಲ. ರಾತ್ರಿಯ ಚಳಿಗೆ ದಪ್ಪನೆಯ ಹೊದಿಕೆಯೊಂದು ಜೊತೆಗಿದ್ದರಾಯಿತು.